ಮನೆಯಲ್ಲೇ ಕೊಕ್ ಓ ವ್ಯಾಂ: ನೇರಳೆ ಬಣ್ಣ, ಹುಳಿ, ನೀರು ಸಾಸ್ ಆಗದ ಹಾಗೆ

ಫ್ರೆಂಚರ ಕೋಳಿ-ರೆಡ್ ವೈನ್ ಅಡುಗೆಯ ಬಗ್ಗೆ ನನ್ನನ್ನು ಕೇಳುವವರ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. ಕೋಳಿ ನೇರಳೆ ಬಣ್ಣಕ್ಕೆ ತಿರುಗಿತು, ಯಾಕೆ? ಬಾಯಿಗಿಟ್ಟರೆ ಹುಳಿ ಹುಳಿ, ಏನು ತಪ್ಪು ಮಾಡಿದೆ? ಸಾಸ್ ತಿಳಿಸಾರಿನ ಹಾಗೆ ಹರಿಯುತ್ತೆ, ಗಟ್ಟಿ ಮಾಡೋದು ಹೇಗೆ? ಈ ಮೂರೂ ತಪ್ಪು ಆಗೋದು ಅಡುಗೆಯ ಮೊದಲ ಅರ್ಧ ಗಂಟೆಯಲ್ಲಿ. ಆದ್ದರಿಂದ ಆ ಅರ್ಧ ಗಂಟೆಯನ್ನು ಉದ್ದಕ್ಕೆ ಬರೆದಿದ್ದೇನೆ. ಆಮೇಲಿನದು ಒಲೆಯ ಕೆಲಸ, ನಿಮ್ಮದಲ್ಲ.

ಹೆಸರು ಮೊದಲು. ಕೊಕ್ ಅಂದರೆ ಹುಂಜ, ವ್ಯಾಂ ಅಂದರೆ ವೈನ್. ಕೊನೆಯ ಅಕ್ಷರವನ್ನು ಮೂಗಿನಲ್ಲೇ ಬಿಡಬೇಕು, ಪೂರ್ತಿ ಉಚ್ಚರಿಸಬಾರದು. ಇದು ಹಳ್ಳಿಯವರ ಅಡುಗೆ. ವಯಸ್ಸಾದ ಹುಂಜದ ಮಾಂಸ ಸುಲಭಕ್ಕೆ ಬೇಯುವುದಿಲ್ಲ. ಅದನ್ನು ವೈನಿನಲ್ಲಿ ನೆನೆಸಿ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿಟ್ಟು ಹದಕ್ಕೆ ತರುತ್ತಿದ್ದರು. ಹೆಚ್ಚು ಹೆಸರು ಮಾಡಿರುವುದು ಬರ್ಗಂಡಿ ಪ್ರಾಂತ್ಯದ ಕೆಂಪು ವೈನಿನದು. ಆದರೆ ಅಲ್ಸಾಸ್ ಕಡೆ ಇದನ್ನೇ ರೀಸ್ಲಿಂಗ್ ಎಂಬ ಬಿಳಿ ವೈನ್ ಮತ್ತು ಕ್ರೀಮಿನಲ್ಲಿ ಮಾಡುತ್ತಾರೆ. ಜೂರಾ ಬೆಟ್ಟದ ಕಡೆ ಅಲ್ಲಿನ ಹಳದಿ ವೈನಿನಲ್ಲಿ ಮಾಡುತ್ತಾರೆ. ಹಿಂದೆ ಸಾಸ್ ಗಟ್ಟಿ ಮಾಡಲು ಹುಂಜದ ರಕ್ತವನ್ನೇ ಹಾಕುತ್ತಿದ್ದರು. ಈಗ ಮನೆಗಳಲ್ಲಿ ಬೆಣ್ಣೆ ಮತ್ತು ಮೈದಾ ಆ ಕೆಲಸ ಮಾಡುತ್ತವೆ. ಜೂಲಿಯಸ್ ಸೀಸರನ ಕಾಲದ ಅಡುಗೆ ಅಂತ ಒಂದು ಕಥೆ ಓಡಾಡುತ್ತೆ. ಅದಕ್ಕೆ ಆಧಾರ ಇಲ್ಲ, ಸುಮ್ನೆ ಕೇಳಿ ಬಿಟ್ಟುಬಿಡಿ.

ಹುಂಜದ ವಿಷಯ ಹೇಳಿದ್ದಕ್ಕೆ ಕಾರಣ ಇದೆ. ಹಳೆಯ ವಿಧಾನಗಳಲ್ಲಿ ಮೂರು ಗಂಟೆ ಬೇಯಿಸಿ ಅಂತ ಬರೆದಿರುವುದು ಹುಂಜಕ್ಕೆ. ನಮ್ಮ ಅಂಗಡಿಯ ಬ್ರಾಯ್ಲರ್ ಆರು ವಾರದ ಮರಿ. ಅದನ್ನು ಮೂರು ಗಂಟೆ ಬೇಯಿಸಿದರೆ ಮೂಳೆ ಒಂದು ಕಡೆ, ನಾರು ಒಂದು ಕಡೆ. ನಾಟಿ ಹುಂಜ ಸಿಕ್ಕಿತಾ? ಹಾಗಾದರೆ ಫ್ರೆಂಚ್ ಅಜ್ಜಿಯರ ಲೆಕ್ಕ ನಿಮಗೆ ಸರಿಯಾಗಿ ಕೂರುತ್ತೆ. ಕೆಳಗೆ ಎರಡಕ್ಕೂ ಸಮಯ ಕೊಟ್ಟಿದ್ದೇನೆ.

ಏನೇನು ಬೇಕು (ನಾಲ್ಕೈದು ಜನಕ್ಕೆ)

ಕೋಳಿ ಒಂದೂವರೆ ಕೆ.ಜಿ. ಅಂಗಡಿಯಲ್ಲಿ ಎರಡು ಮಾತು ಮೊದಲೇ ಹೇಳಿ: "ವಿತ್ ಸ್ಕಿನ್", "ದೊಡ್ಡ ಪೀಸ್, ಎಂಟೇ ಮಾಡಿ". ಬಾಯಿ ಬಿಡದಿದ್ದರೆ ಚರ್ಮ ಸುಲಿದು ಸಾರಿನ ತುಂಡು ಮಾಡಿ ಕೈಗಿಡುತ್ತಾರೆ. ಆ ಚೂರು ಈ ಅಡುಗೆಗೆ ಆಗಿಬರುವುದಿಲ್ಲ. ನನ್ನ ಕೇಳಿದರೆ ಬ್ರಾಯ್ಲರ್‌ನಲ್ಲಿ ಎದೆಭಾಗವೇ ಬೇಡ, ಬರೀ ತೊಡೆ ಮತ್ತು ಕಾಲು ತನ್ನಿ. ಎದೆ ಬೇಗ ಒಣಗುತ್ತೆ. ಜೊತೆಗೆ ಕೋಳಿಯ ಪಾದ ಏಳೆಂಟು, ಬೆನ್ನಿನ ಮೂಳೆ ಒಂದಷ್ಟು ಕೇಳಿ. ತೀರಾ ಅಗ್ಗಕ್ಕೆ ಕೊಡುತ್ತಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ರೆಡ್ ವೈನ್ ಒಂದು ಬಾಟಲಿ, 750 ಮಿ.ಲೀ.

ಬೇಕನ್ 150 ಗ್ರಾಂ. ಫ್ರೆಂಚರು ಇದಕ್ಕೆ ಲಾರ್ಡೋ ಅಂತಾರೆ: ಉಪ್ಪು ಹಾಕಿದ, ಕೆಲವೊಮ್ಮೆ ಹೊಗೆಯಾಡಿಸಿದ ಹಂದಿ ಹೊಟ್ಟೆಭಾಗದ ಬೆರಳು ದಪ್ಪದ ತುಂಡು. ತೆಳು ಹಾಳೆ ಮಾತ್ರ ಸಿಕ್ಕರೆ ಅಗಲ ಪಟ್ಟಿ ಕತ್ತರಿಸಿ. ಹಂದಿ ತಿನ್ನದವರು ಬಿಟ್ಟುಬಿಡಿ. ಅದರ ಬದಲಿಗೆ ಎರಡು ಚಮಚ ಬೆಣ್ಣೆ, ಒಂದು ಚಮಚ ಎಣ್ಣೆ. ಹೊಗೆಯ ವಾಸನೆ ಇರುವುದಿಲ್ಲ, ಅಡುಗೆ ಕೆಡುವುದಿಲ್ಲ.

ಸಣ್ಣ ಈರುಳ್ಳಿ ಇಪ್ಪತ್ತು. ಫ್ರಾನ್ಸಿನಲ್ಲಿ ಗುಂಡಗಿನ ಪುಟ್ಟ ಬಿಳಿ ಈರುಳ್ಳಿ ಹಾಕುತ್ತಾರೆ. ನಮ್ಮ ಸಾಂಬಾರ್ ಈರುಳ್ಳಿ ಧಾರಾಳವಾಗಿ ಆಗುತ್ತೆ. ಬಿಳಿ ಬಟನ್ ಅಣಬೆ 250 ಗ್ರಾಂ. ದೊಡ್ಡ ಈರುಳ್ಳಿ ಒಂದು, ಕ್ಯಾರೆಟ್ ಎರಡು, ಬೆಳ್ಳುಳ್ಳಿ ನಾಲ್ಕು ಎಸಳು, ಟೊಮೆಟೊ ಪೇಸ್ಟ್ ಒಂದು ದೊಡ್ಡ ಚಮಚ. ಟೊಮೆಟೊ ಹಣ್ಣು ಬೇಡ, ಕೆಚಪ್ ಖಂಡಿತ ಬೇಡ.

ಬುಕೆ ಗಾರ್ನಿ ಒಂದು ಕಟ್ಟು. ಹೆಸರು ಕೇಳಿ ಹೆದರಬೇಡಿ. ಥೈಮ್ ನಾಲ್ಕು ಕಡ್ಡಿ, ಪಾರ್ಸ್ಲಿ ದಂಟು, ಒಂದು ಬೇ ಎಲೆ ಸೇರಿಸಿ ದಾರ ಕಟ್ಟಿದರೆ ಆಯಿತು. ಇಲ್ಲಿ ಒಂದು ಎಚ್ಚರ: ಬೇ ಎಲೆ ಅಂದರೆ ನಮ್ಮ ಪಲಾವ್ ಎಲೆ ಅಲ್ಲ. ಪಲಾವ್ ಎಲೆಯಲ್ಲಿ ಚಕ್ಕೆಯ ವಾಸನೆ ಇದೆ, ಅದಕ್ಕೆ ಉದ್ದುದ್ದ ಮೂರು ಗೀರು ಇರುತ್ತೆ. ಬೇ ಎಲೆಗೆ ನಡುವೆ ಒಂದೇ ಗೀರು. ಸಿಗದಿದ್ದರೆ ಎಲೆಯನ್ನೇ ಬಿಡಿ, ಪಲಾವ್ ಎಲೆ ಹಾಕಬೇಡಿ. ಪಾರ್ಸ್ಲಿ ಬದಲು ಕೊತ್ತಂಬರಿಯೂ ಬೇಡ. ನೋಡಲು ಒಂದೇ ತರ, ರುಚಿ ಬೇರೆಯೇ.

ಉಳಿದದ್ದು: ಬ್ರ್ಯಾಂಡಿ 50 ಮಿ.ಲೀ. (ಬೇಕಿದ್ದರೆ), ಉಪ್ಪಿಲ್ಲದ ಬೆಣ್ಣೆ 70 ಗ್ರಾಂ, ಮೈದಾ ಎರಡು ದೊಡ್ಡ ಚಮಚ, ಉಪ್ಪು, ಕಾಳುಮೆಣಸು. ಶುಂಠಿ ಇಲ್ಲ, ಅಚ್ಚಖಾರದ ಪುಡಿ ಇಲ್ಲ, ಗರಂ ಮಸಾಲೆ ಇಲ್ಲ. ಕೈ ಡಬ್ಬಿಯ ಕಡೆ ಹೋದರೆ ವಾಪಸ್ ಎಳೆದುಕೊಳ್ಳಿ.

ಯಾವ ವೈನ್?

ಅಡುಗೆ ಅರ್ಧ ಗೆಲ್ಲೋದು, ಸೋಲೋದು ಇಲ್ಲೇ. ಬೇಕಿರುವುದು ಡ್ರೈ ವೈನ್. ಡ್ರೈ ಅಂದರೆ ಸಿಹಿ ಇಲ್ಲದ್ದು, ದ್ರಾಕ್ಷಿಯ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುಳಿತು ಹೋಗಿರುವುದು. ಬರ್ಗಂಡಿಯವರು ಪೀನೋ ನ್ವಾರ್ ಎಂಬ ದ್ರಾಕ್ಷಿಯ ತೆಳು ವೈನ್ ಬಳಸುತ್ತಾರೆ. ಪಕ್ಕದ ಬೋಜೊಲೆಯ ವೈನ್ ಕೂಡ ಚೆನ್ನಾಗಿರುತ್ತೆ. ವಿದೇಶದಲ್ಲಿರುವವರಿಗೆ ಇವು ಸುಲಭಕ್ಕೆ ಸಿಗುತ್ತವೆ.

ಕರ್ನಾಟಕದ ಅಂಗಡಿಗಳಲ್ಲಿ ಜಾಸ್ತಿ ಸಿಗೋದು ಕ್ಯಾಬರ್ನೆ, ಶಿರಾಜ್, ಅಥವಾ ಎರಡೂ ಸೇರಿದ್ದು. ನಂದಿ ಬೆಟ್ಟದ ಸುತ್ತಮುತ್ತ ಬೆಳೆದು ಮಾಡಿದ್ದೂ ಇರುತ್ತೆ. ಆಗುತ್ತೆ, ಆದರೆ ಇವುಗಳಲ್ಲಿ ಟ್ಯಾನಿನ್ ಜಾಸ್ತಿ. ಟ್ಯಾನಿನ್ ಅಂದರೆ ಬಲಿಯದ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಒರಟಾಗುತ್ತಲ್ಲ, ಆ ಒಗರು. ಅದಕ್ಕೇ ಇಂಥ ವೈನ್ ಆದರೆ 500 ಮಿ.ಲೀ. ಮಾತ್ರ ಹಾಕಿ, ಉಳಿದದ್ದಕ್ಕೆ ಮೂಳೆ ಸಾರು ಸೇರಿಸಿ. "ರಿಸರ್ವ್" ಅಂತ ಬರೆದು ಓಕ್ ಪೀಪಾಯಿಯಲ್ಲಿಟ್ಟ ದುಬಾರಿ ಬಾಟಲಿ ಬೇಡ. ಇಂಗಿಸಿದರೆ ಮರದ ಕಹಿ ಮೇಲೆ ಬರುತ್ತೆ.

ಪೋರ್ಟ್ ವೈನ್ ಅಂತ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನು ಮುಟ್ಟಬೇಡಿ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್, ಕ್ರಿಸ್‌ಮಸ್‌ಗೆ ಮನೆಯಲ್ಲಿ ಹಾಕಿದ ವೈನ್ ಯಾವುದೂ ಬೇಡ. ಕುಡಿಯಲು ಚೆನ್ನಾಗಿರಬಹುದು. ಅರ್ಧಕ್ಕೆ ಇಂಗಿದಾಗ ಸಕ್ಕರೆಯೂ ಇಂಗಿ ಪಾಕ ಆಗುತ್ತೆ. ನಾನು ಮೊದಲ ಸಲ ಮಾಡಿದ್ದು ಇದೇ ತಪ್ಪು. ಕೋಳಿ ಪಾಯಸ ಅಂತ ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ಪಾತ್ರೆ

ತಳ ದಪ್ಪ ಇರುವ, ಅಗಲವಾದ, ಮುಚ್ಚಳ ಸರಿಯಾಗಿ ಕೂರುವ ಸ್ಟೀಲ್ ಪಾತ್ರೆ ಸಾಕು. ಫ್ರೆಂಚರ ಮನೆಯಲ್ಲಿ ಒಳಗೆ ಎನಾಮೆಲ್ ಬಳಿದ ಎರಕದ ಕಬ್ಬಿಣದ ಕೊಕೊತ್ ಇರುತ್ತೆ. ಇದ್ದರೆ ಅದೇ ಒಳ್ಳೆಯದು. ಬರಿ ಕಬ್ಬಿಣದ ಬಾಣಲೆ, ಬರಿ ಅಲ್ಯೂಮಿನಿಯಂ ಪಾತ್ರೆ ಬೇಡ. ನಾವು ಹುಣಸೆಹುಳಿಯನ್ನು ಅವುಗಳಲ್ಲಿ ಕುದಿಸಲ್ಲ ಅಲ್ವಾ? ಅದೇ ಕಾರಣ. ವೈನಿನ ಹುಳಿ ಲೋಹವನ್ನು ತಿಂದು ಸಾಸ್ ಕಪ್ಪಗಾಗುತ್ತೆ, ಬಾಯಲ್ಲಿ ತುಕ್ಕಿನ ರುಚಿ ನಿಲ್ಲುತ್ತೆ.

ಈಗ ಹಂತ ಹಂತವಾಗಿ

1. ಹಿಂದಿನ ದಿನ: ಉಪ್ಪು, ಮತ್ತು ಮೂಳೆ ಸಾರು. ಬ್ರಾಯ್ಲರ್ ಆದರೆ ತುಂಡುಗಳನ್ನು ಒರೆಸಿ, ಒಂದು ಚಮಚ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಬೆಳಗ್ಗೆ ಹೊತ್ತಿಗೆ ಚರ್ಮ ಕಾಗದದ ಹಾಗೆ ಒಣಗಿರುತ್ತೆ, ನಮಗೆ ಬೇಕಿರುವುದು ಅದೇ. ನಾಟಿ ಹುಂಜ ಆದರೆ ಮಾತ್ರ ರಾತ್ರಿಯಿಡೀ ವೈನಿನಲ್ಲಿ ನೆನೆಸಿ. ವೈನನ್ನು ಮೊದಲು ಐದು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಕೋಳಿ ಹಾಕಿ ಫ್ರಿಜ್‌ನಲ್ಲಿಡಿ. ನೆನೆಸಿದ ವೈನನ್ನು ಚೆಲ್ಲಬೇಡಿ. ಮರುದಿನ ಸೋಸಿ ಕುದಿಸಿದರೆ ಬೂದು ನೊರೆ ಬರುತ್ತೆ. ಅದನ್ನು ತೆಗೆದು, ವೈನನ್ನು ಅಡುಗೆಗೆ ಬಳಸಿ.

ಪಾದ ಮತ್ತು ಮೂಳೆಗಳನ್ನು ಒಂದು ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ ಸೋಸಿಕೊಳ್ಳಿ. ಉಪ್ಪು ಹಾಕಬೇಡಿ. ತಣ್ಣಗಾದಾಗ ಅಲುಗಾಡುವ ಜೆಲ್ಲಿ ಆದರೆ ಸರಿಯಾಗಿದೆ. ಆ ಜೆಲ್ಲಿಯೇ ನಮ್ಮ ಸಾಸ್‌ಗೆ ಮೈ ಕೊಡೋದು, ವೈನಿನ ಒಗರನ್ನೂ ಇಳಿಸೋದು. ಸ್ಟಾಕ್ ಕ್ಯೂಬ್‌ನಲ್ಲಿ ಆ ಜೆಲ್ಲಿ ಇಲ್ಲ, ಉಪ್ಪು ಮಾತ್ರ ಇದೆ.

2. ಬೇಕನ್ ಕೊಬ್ಬು ಬಿಡಿಸುವುದು. ತಣ್ಣಗಿನ ಪಾತ್ರೆಗೆ ಬೇಕನ್ ಹಾಕಿ ಸಣ್ಣ ಉರಿ ಹಚ್ಚಿ. ಹತ್ತು ನಿಮಿಷದಲ್ಲಿ ಕೊಬ್ಬು ಕರಗಿ ತುಂಡು ಕೆಂಪಗಾಗುತ್ತೆ. ತುಂಡು ತೆಗೆದಿಡಿ, ಕೊಬ್ಬು ಪಾತ್ರೆಯಲ್ಲೇ ಇರಲಿ. ತೀರಾ ಉಪ್ಪಿನ ಬೇಕನ್ ಆದರೆ ಮೊದಲೇ ನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಒರೆಸಿಕೊಳ್ಳಿ.

3. ಕೋಳಿ ಕೆಂಪಗೆ ಹುರಿಯುವುದು. ನೇರಳೆ ಬಣ್ಣದ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿಳಿಚಿದ ಕೋಳಿಯನ್ನು ವೈನಿಗೆ ಹಾಕಿದರೆ ಅದು ಬಟ್ಟೆ ಬಣ್ಣ ಹೀರಿದ ಹಾಗೆ ಹೀರುತ್ತೆ. ಬಡ್ಡಿಮಗಂದು ಎಷ್ಟು ಬೇಯಿಸಿದರೂ ಆ ನೀಲಿ-ಬೂದು ಹೋಗುವುದಿಲ್ಲ. ಮೊದಲೇ ಚೆನ್ನಾಗಿ ಕೆಂಪಗಾಗಿದ್ದರೆ ಅದೇ ಬಣ್ಣ ವೈನಿನ ಜೊತೆ ಸೇರಿ ಕಂದು ಆಗುತ್ತೆ.

ತುಂಡುಗಳನ್ನು ಮತ್ತೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ. ಚರ್ಮದ ಕಡೆ ಕೆಳಗೆ ಮಾಡಿ ಇಡಿ. ಒಂದಕ್ಕೊಂದು ತಾಗಬಾರದು, ಆದ್ದರಿಂದ ಎರಡು ಅಥವಾ ಮೂರು ಸರದಿ. ಇಟ್ಟ ಮೇಲೆ ಕೈ ಕಟ್ಟಿ ನಿಲ್ಲಿ. ನಮಗೆ ಸೌಟು ಆಡಿಸುತ್ತಲೇ ಇರುವ ಅಭ್ಯಾಸ, ಇಲ್ಲಿ ಅದೇ ಶತ್ರು. ಚರ್ಮ ತಳಕ್ಕೆ ಅಂಟಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ. ಕೆಂಪಗಾದ ಮೇಲೆ ತಾನೇ ಬಿಡುತ್ತೆ. ಒಂದು ಕಡೆಗೆ ಆರೇಳು ನಿಮಿಷ, ತಿರುಗಿಸಿ ಇನ್ನೊಂದು ಕಡೆಗೆ ನಾಲ್ಕು. ಕಿವಿಗೊಟ್ಟು ಕೇಳಿ: ಚಟಪಟ ಸದ್ದು ನಿಂತು ಗುಳುಗುಳು ಶುರುವಾದರೆ ಕೋಳಿ ನೀರು ಬಿಟ್ಟಿದೆ, ಹುರಿಯುತ್ತಿಲ್ಲ, ಬೇಯುತ್ತಿದೆ. ಉರಿ ಏರಿಸಿ, ಎರಡು ತುಂಡು ಹೊರಗೆ ತೆಗೆಯಿರಿ.

4. ತಳ ಹಿಡಿದದ್ದೇ ಬಂಡವಾಳ. ಕೋಳಿ ತೆಗೆದ ಮೇಲೆ ಪಾತ್ರೆಯ ತಳದಲ್ಲಿ ಕಂದು ಪದರ ಇರುತ್ತೆ. ಫ್ರೆಂಚರು ಅದನ್ನು ಸ್ಯೂಕ್ ಅನ್ನುತ್ತಾರೆ. ಅದನ್ನು ತೊಳೆಯಬೇಡಿ, ಸಾಸಿನ ರುಚಿ ಅಲ್ಲಿದೆ. ಆದರೆ ಕಂದು ಬೇರೆ, ಕಪ್ಪು ಬೇರೆ. ಸೀದು ಕಪ್ಪಾಗಿದ್ದರೆ ಕಾಗದದಲ್ಲಿ ಒರೆಸಿ ತೆಗೆದು, ಹೊಸ ಬೆಣ್ಣೆ ಹಾಕಿ. ಸೀದ ಕಹಿಯನ್ನು ಆಮೇಲೆ ಯಾವ ಸಕ್ಕರೆಯೂ ಸರಿ ಮಾಡಲ್ಲ.

ಎರಡು ಚಮಚ ಕೊಬ್ಬು ಉಳಿಸಿ ಉಳಿದದ್ದು ಬಗ್ಗಿಸಿ. ಹೆಚ್ಚಿದ ದೊಡ್ಡ ಈರುಳ್ಳಿ, ಕ್ಯಾರೆಟ್ ಹಾಕಿ ಹತ್ತು ನಿಮಿಷ, ಅಂಚು ಕೆಂಪಗಾಗುವ ತನಕ ಹುರಿಯಿರಿ. ಬೆಳ್ಳುಳ್ಳಿ, ಟೊಮೆಟೊ ಪೇಸ್ಟ್ ಸೇರಿಸಿ ಇನ್ನೆರಡು ನಿಮಿಷ. ಪೇಸ್ಟ್ ಇಟ್ಟಿಗೆ ಬಣ್ಣಕ್ಕೆ ಬರಬೇಕು.

5. ಬ್ರ್ಯಾಂಡಿ: ಬೆಂಕಿ ಹಚ್ಚಬೇಕಾ? ಬೇಡ. ವಿಡಿಯೋಗಳಲ್ಲಿ ನೋಡಿ ಎಲ್ಲರೂ ಕೇಳುತ್ತಾರೆ. ಬ್ರ್ಯಾಂಡಿ ಹಾಕಿ ಎರಡು ನಿಮಿಷ ಕುದಿಸಿದರೂ ನಾಲಿಗೆಗೆ ದೊಡ್ಡ ವ್ಯತ್ಯಾಸ ಇಲ್ಲ. ಹಚ್ಚಲೇಬೇಕು ಅನ್ನುವವರು ಇಷ್ಟು ಮಾಡಿ: ಬಾಟಲಿಯಿಂದ ನೇರ ಸುರಿಯಬೇಡಿ, ಲೋಟಕ್ಕೆ ಅಳೆದುಕೊಳ್ಳಿ. ಒಲೆ ಆರಿಸಿ ಸುರಿಯಿರಿ. ಮೇಲಿನ ಚಿಮಣಿ ಫ್ಯಾನ್ ಆಫ್ ಮಾಡಿ, ಪಾತ್ರೆಯನ್ನು ಅದರ ಕೆಳಗಿಂದ ಈಚೆ ತನ್ನಿ. ಜಿಡ್ಡು ಹಿಡಿದ ಜಾಲರಿಗೆ ಜ್ವಾಲೆ ತಾಗಿದರೆ ಅಡುಗೆ ಮನೆಯೇ ಹೊತ್ತಿಕೊಳ್ಳುತ್ತೆ. ಉದ್ದನೆಯ ಲೈಟರ್‌ನಿಂದ ಹಚ್ಚಿ, ಮುಖ ದೂರ ಇರಲಿ, ಮುಚ್ಚಳ ಕೈಯಲ್ಲೇ ಇರಲಿ.

6. ವೈನ್ ಇಂಗಿಸುವುದು. ವೈನ್ ಪೂರ್ತಿ ಸುರಿದು, ಮರದ ಸೌಟಿನಿಂದ ತಳದ ಕಂದು ಪದರವನ್ನು ಕೆರೆದು ಬಿಡಿಸಿ. ಮುಚ್ಚಳ ಹಾಕದೆ ಜೋರಾಗಿ ಕುದಿಸಿ, ಮೂರರಲ್ಲಿ ಒಂದು ಪಾಲು ಇಂಗಲಿ. ಹತ್ತು ಹದಿನೈದು ನಿಮಿಷ.

ಹುಳಿಯ ಪ್ರಶ್ನೆ ಈಗ. "ಚೆನ್ನಾಗಿ ಇಂಗಿಸಿದರೆ ಹುಳಿ ಹೋಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಇಂಗಿಸಿದಾಗ ಹೋಗುವುದು ಆಲ್ಕೋಹಾಲಿನ ಘಾಟು. ಹುಳಿ ಎಲ್ಲೂ ಹೋಗಲ್ಲ, ನೀರು ಹೋದಷ್ಟೂ ಗಟ್ಟಿಯಾಗುತ್ತೆ. ಹುಳಿಯನ್ನು ಸಮ ಮಾಡೋದು ಕೆಂಪಗೆ ಹುರಿದ ಈರುಳ್ಳಿ-ಕ್ಯಾರೆಟ್‌ನ ಸಿಹಿ, ಪಾದದ ಜೆಲ್ಲಿ, ಕೊನೆಯಲ್ಲಿ ಹಾಕುವ ಬೆಣ್ಣೆ. ಈ ಮೂರರಲ್ಲಿ ಒಂದನ್ನು ಬಿಟ್ಟವರೇ ನನಗೆ ಹುಳಿ ಅಂತ ದೂರು ಹೇಳೋದು.

7. ಸಣ್ಣ ಉರಿ. 300 ಮಿ.ಲೀ. ಮೂಳೆ ಸಾರು, ಬುಕೆ ಗಾರ್ನಿ, ಬೇಕನ್, ಕೋಳಿ ಎಲ್ಲ ಹಾಕಿ. (ವೈನ್ 500 ಹಾಕಿದವರು ಸಾರು 500 ಹಾಕಿ.) ಕೋಳಿ ಪೂರ್ತಿ ಮುಳುಗಬೇಕಿಲ್ಲ. ಒಂದು ಕುದಿ ಬಂದ ಕೂಡಲೇ ಉರಿ ಇಳಿಸಿ, ಮುಚ್ಚಳ ಸ್ವಲ್ಪ ಓರೆ ಮಾಡಿ. ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆಯುತ್ತಿರಬೇಕು, ಅಷ್ಟೇ. ಕೊತಕೊತ ಕುದಿಸಿದರೆ ನಾರು ಬಿಗಿದು ರಸ ಹಿಂಡಿ ಹೋಗುತ್ತೆ. ಓವನ್ ಇದ್ದರೆ ಮುಚ್ಚಳ ಹಾಕಿ 160 ಡಿಗ್ರಿಯಲ್ಲಿಟ್ಟು ಮರೆತುಬಿಡಿ.

ಬ್ರಾಯ್ಲರ್ ಕಾಲು-ತೊಡೆಗೆ 40ರಿಂದ 50 ನಿಮಿಷ. ಎದೆಭಾಗ ಹಾಕಿದ್ದರೆ ಅದನ್ನು 20 ನಿಮಿಷ ಆದ ಮೇಲೆ ಸೇರಿಸಿ. ನಾಟಿ ಹುಂಜಕ್ಕೆ ಎರಡರಿಂದ ಮೂರು ಗಂಟೆ, ಅದರ ವಯಸ್ಸಿನ ಮೇಲೆ. ಗಡಿಯಾರಕ್ಕಿಂತ ಚಾಕು ನಂಬಿ: ತೊಡೆಗೆ ಚುಚ್ಚಿದರೆ ತಡೆಯಿಲ್ಲದೆ ಒಳಗೆ ಹೋಗಬೇಕು.

ಕುಕ್ಕರ್‌ನಲ್ಲಿ ಆಗಲ್ವಾ? ಬ್ರಾಯ್ಲರ್‌ಗೆ ಬೇಕಿಲ್ಲ. ನಾಟಿ ಹುಂಜಕ್ಕೆ ಆಗುತ್ತೆ, ಆದರೆ ಸ್ಟೀಲ್ ಕುಕ್ಕರ್ ಇರಬೇಕು. ವೈನನ್ನು ಮೊದಲೇ ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಇಂಗಿಸಿರಬೇಕು. ಇಲ್ಲದಿದ್ದರೆ ಘಾಟು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ.

8. ಈರುಳ್ಳಿ ಮತ್ತು ಅಣಬೆ, ಬೇರೆ ಬಾಣಲೆಯಲ್ಲಿ. ಕೋಳಿ ಬೇಯುವಾಗ ಇದನ್ನು ಮಾಡಿ. ಸಾಂಬಾರ್ ಈರುಳ್ಳಿಯನ್ನು ಒಂದು ನಿಮಿಷ ಬಿಸಿನೀರಿಗೆ ಹಾಕಿದರೆ ಸಿಪ್ಪೆ ಜಾರುತ್ತೆ. ಬೇರಿನ ತುದಿ ಪೂರ್ತಿ ಕತ್ತರಿಸಬೇಡಿ, ಪದರ ಬಿಚ್ಚಿಕೊಳ್ಳುತ್ತೆ. 15 ಗ್ರಾಂ ಬೆಣ್ಣೆ, ಚಿಟಿಕೆ ಸಕ್ಕರೆ, ಅರ್ಧ ಲೋಟ ನೀರು ಹಾಕಿ ನೀರು ಆರಿ ಮಿರುಗುವ ತನಕ ಬೇಯಿಸಿ. ಅಣಬೆಯನ್ನು ಇನ್ನೊಂದು 15 ಗ್ರಾಂ ಬೆಣ್ಣೆಯಲ್ಲಿ ದೊಡ್ಡ ಉರಿಯಲ್ಲಿ ಹುರಿಯಿರಿ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತೆ. ಇವೆರಡನ್ನೂ ಶುರುವಿನಲ್ಲೇ ಪಾತ್ರೆಗೆ ಸುರಿದವರಿಗೆ ನೇರಳೆ ರಬ್ಬರ್ ಅಣಬೆ ಸಿಗುತ್ತೆ.

9. ಸಾಸ್ ಗಟ್ಟಿ ಮಾಡುವುದು. ಕೋಳಿ ತೆಗೆದಿಡಿ, ರಸ ಸೋಸಿ, ಮೇಲಿನ ಜಿಡ್ಡು ಚಮಚದಿಂದ ತೆಗೆಯಿರಿ. ಜೋರು ಉರಿಯಲ್ಲಿ ಐದು ನಿಮಿಷ ಕುದಿಸಿ. ಈಗ ಬ್ಯೂರ್ ಮಾನ್ಯೆ, ಅಂದರೆ ನಾದಿದ ಬೆಣ್ಣೆ. 30 ಗ್ರಾಂ ಮೆತ್ತನೆ ಬೆಣ್ಣೆಗೆ ಎರಡು ಚಮಚ ಮೈದಾ ಹಾಕಿ ಬೆರಳಲ್ಲಿ ನಾದಿ ಮುದ್ದೆ ಮಾಡಿ. ಕುದಿಯುವ ರಸಕ್ಕೆ ಕಡಲೆಕಾಳಿನಷ್ಟು ಹಾಕಿ, ಕಲಕಿ, ಇನ್ನೊಂದು ಹಾಕಿ. ಹಿಟ್ಟಿನ ಪ್ರತಿ ಕಣಕ್ಕೂ ಬೆಣ್ಣೆ ಸವರಿರುವುದರಿಂದ ಗಂಟಾಗಲ್ಲ. ಪೂರ್ತಿ ಬೇಕಾಗದೆಯೂ ಇರಬಹುದು. ಸೌಟಿನ ಬೆನ್ನಿಗೆ ಅಂಟಿ, ಬೆರಳಲ್ಲಿ ಗೀರಿದರೆ ಗೆರೆ ನಿಲ್ಲಬೇಕು. ಆಮೇಲೆ ಮೂರ್ನಾಲ್ಕು ನಿಮಿಷ ಕುದಿಸಲೇಬೇಕು, ಇಲ್ಲದಿದ್ದರೆ ಹಸಿಹಿಟ್ಟಿನ ವಾಸನೆ. ಕಾರ್ನ್‌ಫ್ಲೋರ್ ಕಲಸಿ ಹಾಕಬೇಡಿ, ಗೋಬಿ ಮಂಚೂರಿಯ ಗ್ರೇವಿಯ ಹಾಗೆ ಲೋಳೆ ಹೊಳಪು ಬರುತ್ತೆ.

ಉಪ್ಪು ನೋಡುವುದು ಈಗಲೇ, ಮೊದಲಲ್ಲ. ಬೇಕನ್‌ನದು, ಕೋಳಿಗೆ ಸವರಿದ್ದು, ಎಲ್ಲ ಇಂಗಿ ಸೇರಿರುತ್ತೆ. ಇನ್ನೂ ಸ್ವಲ್ಪ ಹುಳಿ ಅನ್ನಿಸಿದರೆ ಅರ್ಧ ಟೀ ಚಮಚ ಸಕ್ಕರೆ, ಒಂದು ತುಂಡು ಬೆಣ್ಣೆ. ಕೋಳಿ, ಈರುಳ್ಳಿ, ಅಣಬೆ ವಾಪಸ್ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ.

ಬಡಿಸುವ ಮುಂಚೆ

ಬೇಯಿಸಿದರೆ ಆಲ್ಕೋಹಾಲ್ ಪೂರ್ತಿ ಆವಿಯಾಗುತ್ತೆ ಅನ್ನೋದು ತಪ್ಪು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ ಒಂದು ಗಂಟೆ ಬೇಯಿಸಿದ ಮೇಲೂ ಹಾಕಿದ್ದರಲ್ಲಿ ಸುಮಾರು 25 ಶೇಕಡಾ ಉಳಿಯುತ್ತೆ, ಎರಡೂವರೆ ಗಂಟೆಗೆ 5 ಶೇಕಡಾ. ಒಬ್ಬರ ತಟ್ಟೆಗೆ ಬರುವುದು ಕಡಿಮೆಯೇ. ಆದರೂ ಮಕ್ಕಳಿದ್ದರೆ, ಗರ್ಭಿಣಿಯರಿದ್ದರೆ, ವೈನ್ ಮುಟ್ಟದವರು ಇದ್ದರೆ ಮೊದಲೇ ಹೇಳಿ. ಹಂದಿಯ ವಿಷಯವನ್ನೂ ಹೇಳಿ. ದ್ರಾಕ್ಷಿರಸ ಹಾಕಿ ಮಾಡಬಹುದಾ ಅಂದರೆ, ಅದು ಬೇರೆ ಅಡುಗೆ.

ಜೊತೆಗೆ ಫ್ರಾನ್ಸಿನಲ್ಲಿ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ, ಪಾರ್ಸ್ಲಿ ಹಾಕಿ ಕೊಡುತ್ತಾರೆ, ಇಲ್ಲವೇ ಅಗಲ ನೂಡಲ್ಸ್. ಗಟ್ಟಿ ಸಿಪ್ಪೆಯ ಬ್ರೆಡ್ ಇದ್ದರೆ ಸಾಸ್ ಅದ್ದಿಕೊಳ್ಳಲು ಇನ್ನೇನೂ ಬೇಡ. ಮುದ್ದೆ ಜೊತೆ ಹೇಗೆ ಅಂತ ಮೂವರು ಕೇಳಿದ್ದಾರೆ. ನಾನೂ ನೋಡಿದೆ. ನುಂಗಲು ಖಾರ ಬೇಕು ಅನ್ನಿಸುತ್ತೆ, ಅಷ್ಟಕ್ಕಷ್ಟೆ.

ಸಾಧ್ಯವಾದರೆ ಇವತ್ತು ಮಾಡಿ ನಾಳೆ ತಿನ್ನಿ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, ಮೂರು ದಿನ ಚೆನ್ನಾಗಿರುತ್ತೆ. ಬೆಳಗ್ಗೆ ಮೇಲೆ ಗಟ್ಟಿ ಜಿಡ್ಡು ನಿಂತಿರುತ್ತೆ, ಎತ್ತಿ ತೆಗೆಯುವುದು ಸುಲಭ. ಬಿಸಿ ಮಾಡುವಾಗಲೂ ಸಣ್ಣ ಉರಿ, ಒಳಗಿನ ತನಕ ಬಿಸಿಯಾಗಲಿ.

ಕೋಳಿ ಖಾಲಿಯಾಗಿ ಸಾಸ್ ಮಾತ್ರ ಉಳಿದರೆ ಬರ್ಗಂಡಿಯವರ ಹತ್ತಿರ ಅದಕ್ಕೂ ದಾರಿ ಇದೆ. ಅಲ್ಲಿ ಮೊಟ್ಟೆಯನ್ನು ಇಂಥದ್ದೇ ವೈನ್ ಸಾಸ್ ಜೊತೆ ತಿನ್ನುತ್ತಾರೆ, ಹೆಸರು ಅಫ್ ಆಂ ಮೊರೆತ್. ಸಾಸ್ ಬಿಸಿ ಮಾಡಿ, ಸ್ವಲ್ಪ ನೀರು ಸೇರಿಸಿ, ಮೊಟ್ಟೆ ಒಡೆದು ಮೆಲ್ಲಗೆ ಅದರೊಳಗೆ ಜಾರಿಸಿ. ಮೂರು ನಿಮಿಷಕ್ಕೆ ಬಿಳಿ ಗಟ್ಟಿಯಾಗಿ, ಹಳದಿ ಮೆತ್ತಗೇ ಇರುತ್ತೆ. ಬ್ರೆಡ್ ಸುಟ್ಟು, ಹಸಿ ಬೆಳ್ಳುಳ್ಳಿ ಉಜ್ಜಿ, ಅದರ ಮೇಲೆ ಹಾಕಿಕೊಳ್ಳಿ.